ಪೀಡೆನಾಶಕಗಳಿಂದ ಸಿಹಿನೀರಿನ ಮೀನುಗಳ ಆರೋಗ್ಯಕ್ಕಾಗುವ ಹಾನಿ ಮತ್ತು ಅದನ್ನು ತಡೆಯುವ ಕ್ರಮಗಳು

ಪೀಠಿಕೆ

ನಮ್ಮ ರಾಜ್ಯದ ಕೃಷಿ ಮತ್ತು ಒಳನಾಡು ಮೀನುಗಾರಿಕೆ ಒಂದೇ ನೀರನ್ನು ಅವಲಂಬಿಸಿವೆ. ಹೊಲಗದ್ದೆಗಳ ಮೇಲೆ ಸುರಿದ ಮಳೆ ಕೆರೆಯನ್ನು ತುಂಬಿಸುತ್ತದೆ. ಕೆರೆಯ ತೂಬಿನಿಂದ ಹರಿದ ನೀರು ಗದ್ದೆಗೆ ಬರುತ್ತದೆ. ಗದ್ದೆಯಿಂದ ಬಸಿದ ನೀರು ಹಳ್ಳ ಸೇರಿ ಕೆಳಗಿನ ಊರಿನ ಕೆರೆಗೆ ಇಳಿಯುತ್ತದೆ. ಹೀಗಾಗಿ ಮೇಲಿನ ಜಮೀನಿನಲ್ಲಿ ಸಿಂಪಡಿಸಿದ ಪೀಡೆನಾಶಕದ ಒಂದು ಭಾಗ ಕೆಳಗಿನ ಕೆರೆಯ ಮೀನನ್ನು ತಲುಪುವ ಸಾಧ್ಯತೆ ಸದಾ ಇರುತ್ತದೆ.

ಕೆರೆಯನ್ನು ಗುತ್ತಿಗೆ ಪಡೆದು ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಮರಿಗಳನ್ನು ಬಿತ್ತನೆ ಮಾಡಿದ ಮೀನುಗಾರರ ಸಹಕಾರ ಸಂಘಕ್ಕೆ, ಇಲ್ಲವೇ ಕೃಷಿ ಹೊಂಡದಲ್ಲಿ ಮೀನು ಸಾಕಿದ ರೈತರಿಗೆ, ವರ್ಷದ ಆದಾಯವೆಲ್ಲ ಒಂದೇ ದಿನದಲ್ಲಿ ಕೈತಪ್ಪಬಹುದು. ಈ ಹಾನಿಯ ಬಹುಭಾಗವನ್ನು ಸಿಂಪರಣೆಯನ್ನು ಕೈಬಿಡದೆಯೇ ತಡೆಯಲು ಸಾಧ್ಯವಿದೆ. ಅದಕ್ಕೆ ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಮನುಷ್ಯನಿಗೆ ಅಪಾಯ ಕಡಿಮೆಯಿರುವ ಔಷಧಿ ಮೀನಿಗೂ ಸುರಕ್ಷಿತವೆಂದು ಭಾವಿಸುವಂತಿಲ್ಲ.

ಡಬ್ಬಿಯ ಮೇಲಿನ ಬಣ್ಣ ಮೀನಿಗೆ ಅನ್ವಯಿಸುವುದಿಲ್ಲ

ಪೀಡೆನಾಶಕದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣದ ತ್ರಿಕೋನವಿರುವುದನ್ನು ತಾವು ಗಮನಿಸಿರುತ್ತೀರಿ. ಕೆಂಪು ಅತಿ ಹೆಚ್ಚು ವಿಷಕಾರಿ, ಹಸಿರು ಅಲ್ಪ ವಿಷಕಾರಿ ಎಂಬುದು ಇದರ ಅರ್ಥ. ಔಷಧಿಯು ಬಾಯಿಯ ಮೂಲಕ ಅಥವಾ ಚರ್ಮದ ಮೂಲಕ ಇಲಿಯಂತಹ ಸಸ್ತನಿಗಳ ದೇಹ ಸೇರಿದಾಗ ಎಷ್ಟು ಪ್ರಮಾಣದಲ್ಲಿ ಮಾರಕವಾಗುತ್ತದೆ ಎಂಬ ಪರೀಕ್ಷೆಯ ಆಧಾರದ ಮೇಲೆ ಈ ವರ್ಗೀಕರಣ ಮಾಡಲಾಗಿದೆ. ಸಿಂಪಡಿಸುವವರ ಸುರಕ್ಷತೆಗೆ ಈ ಗುರುತು ಅತ್ಯಗತ್ಯ. ಆದರೆ ಮೀನಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಕ್ಲೋರೋಥಲೋನಿಲ್ ಎಂಬ ಶಿಲೀಂಧ್ರನಾಶಕವನ್ನು ಉದಾಹರಣೆಯಾಗಿ ನೋಡಬಹುದು. ಶೇಂಗಾದ ಟಿಕ್ಕಾ ಎಲೆಚುಕ್ಕೆ ರೋಗಕ್ಕೆ ಮತ್ತು ಆಲೂಗಡ್ಡೆಯ ಅಂಗಮಾರಿಗೆ ಬಳಸುವ ಈ ಔಷಧಿ ಬಾಯಿಯ ಮೂಲಕ ಒಳಹೋದಾಗ ಸಸ್ತನಿಗಳಿಗೆ ಅಲ್ಪ ವಿಷಕಾರಿ. ಮೀನುಗಳಿಗಾದರೋ ಲೀಟರ್ ನೀರಿನಲ್ಲಿ ಕೆಲವು ಹತ್ತು ಮೈಕ್ರೋಗ್ರಾಂ ಇದ್ದರೂ ಮಾರಕವಾಗುತ್ತದೆ. (ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗ.) ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದ ಪೈರೆಥ್ರಾಯ್ಡ್ ಔಷಧಿಗಳಲ್ಲಿ ಈ ಅಂತರ ಇನ್ನೂ ಹೆಚ್ಚು. ಸಸ್ತನಿಗಳ ಯಕೃತ್ತು ಇವುಗಳನ್ನು ಬೇಗನೆ ವಿಭಜಿಸಿ ಹೊರಹಾಕುತ್ತದೆ. ಮೀನಿನ ದೇಹಕ್ಕೆ ಆ ಸಾಮರ್ಥ್ಯ ಬಹಳ ಕಡಿಮೆ.

ಮೀನಿನ ದೇಹವನ್ನು ವಿಷ ಸೇರುವ ಬಗೆ

ಉಸಿರಾಟಕ್ಕಾಗಿ ಮೀನು ಬಾಯಿಯಿಂದ ನೀರನ್ನು ಒಳಗೆ ಎಳೆದು ಕಿವಿರುಗಳ ಮೂಲಕ ಸತತವಾಗಿ ಹಾಯಿಸುತ್ತಿರುತ್ತದೆ. ಕಿವಿರಿನ ಪೊರೆ ಅತ್ಯಂತ ತೆಳುವಾಗಿದ್ದು, ಅದರ ಹಿಂದೆಯೇ ರಕ್ತ ಹರಿಯುತ್ತದೆ. ಆಮ್ಲಜನಕ ಒಳಸೇರುವ ಈ ದಾರಿಯಲ್ಲೇ ನೀರಿನಲ್ಲಿ ಕರಗಿದ ವಿಷವೂ ನೇರವಾಗಿ ರಕ್ತಕ್ಕೆ ಸೇರುತ್ತದೆ. ಚರ್ಮ ಮತ್ತು ಆಹಾರ ಇತರ ಎರಡು ಮಾರ್ಗಗಳು. ಕೆಸರಿಗೆ ಅಂಟಿದ ವಿಷವು ತಳದಲ್ಲಿ ಮೇಯುವ ಮೃಗಾಲ್ ಮತ್ತು ಸಾಮಾನ್ಯ ಗೆಂಡೆಗಳ ಹೊಟ್ಟೆಯನ್ನು ಹೆಚ್ಚಾಗಿ ಸೇರುತ್ತದೆ.

ಎಷ್ಟು ವಿಷ ಸಾಕು: ಒಂದು ಲೆಕ್ಕ

ಸೈಪರ್‌ಮೆಥ್ರಿನ್ ಲೀಟರ್ ನೀರಿಗೆ ಕೆಲವೇ ಮೈಕ್ರೋಗ್ರಾಂ ಪ್ರಮಾಣದಲ್ಲಿದ್ದರೂ ಹಲವು ಜಾತಿಯ ಮೀನುಗಳಿಗೆ ಮಾರಕ. ಇದರ ಅರ್ಥವನ್ನು ಕೃಷಿ ಹೊಂಡದ ಅಳತೆಯಲ್ಲಿ ನೋಡೋಣ.

- 10 ಲಕ್ಷ ಲೀಟರ್ ನೀರಿರುವ ಹೊಂಡದಲ್ಲಿ ಲೀಟರಿಗೆ 1 ಮೈಕ್ರೋಗ್ರಾಂ ಉಂಟಾಗಲು ಒಟ್ಟು 1 ಗ್ರಾಂ ಮೂಲ ವಿಷಾಂಶ ಸಾಕು. ಶೇ. 25ರ ಸೈಪರ್‌ಮೆಥ್ರಿನ್ ದ್ರಾವಣದಲ್ಲಿ ಇದು 4 ಮಿ.ಲೀ., ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ.
- ಒಂದು ಎಕರೆ ವಿಸ್ತಾರದಲ್ಲಿ ಒಂದು ಮೀಟರ್ ಆಳ ನೀರಿದ್ದರೆ ಸುಮಾರು 40 ಲಕ್ಷ ಲೀಟರ್ ಆಗುತ್ತದೆ. ಅದಕ್ಕೆ ಸುಮಾರು 16 ಮಿ.ಲೀ. ಸಾಕು.
- ಲೀಟರಿಗೆ 0.5 ಮಿ.ಲೀ.ನಂತೆ ಬೆರೆಸಿದ ಇದೇ ಔಷಧಿಯ ದ್ರಾವಣ ಸಿಂಪರಣಾ ಯಂತ್ರದಲ್ಲಿ ಅರ್ಧ ಲೀಟರ್ ಉಳಿದಿದ್ದು, ಅದನ್ನು 20 ಸಾವಿರ ಲೀಟರ್ ನೀರಿರುವ ಹಳ್ಳದ ಗುಂಡಿಯಲ್ಲಿ ತೊಳೆದರೆ, ಲೀಟರಿಗೆ ಸುಮಾರು 3 ಮೈಕ್ರೋಗ್ರಾಂ ಆಗುತ್ತದೆ.

ಕೆರೆಯಲ್ಲಿ ಈ ವಿಷದ ಒಂದು ಭಾಗ ಕೆಸರಿಗೂ ಸಸ್ಯಗಳಿಗೂ ಅಂಟಿಕೊಳ್ಳುವುದರಿಂದ ನೀರಿನಲ್ಲಿ ಕರಗಿ ಉಳಿಯುವ ಪ್ರಮಾಣ ಲೆಕ್ಕಕ್ಕಿಂತ ಕಡಿಮೆ ಇರಬಹುದು. ಆದರೂ ಯಂತ್ರವನ್ನು ಎಲ್ಲಿ ತೊಳೆಯುತ್ತೇವೆ ಎಂಬ ಒಂದೇ ಸಂಗತಿ ಮೀನಿನ ಅಳಿವು ಉಳಿವನ್ನು ನಿರ್ಧರಿಸಬಲ್ಲದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿವಿಧ ಗುಂಪಿನ ಪೀಡೆನಾಶಕಗಳು ಮತ್ತು ಅವುಗಳ ಪರಿಣಾಮ

1. ಪೈರೆಥ್ರಾಯ್ಡ್‌ಗಳು: ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಲ್ಯಾಮ್ಡಾ ಸೈಹಲೋಥ್ರಿನ್ ಇತ್ಯಾದಿ. ಇವು ನರತಂತುಗಳ ಸಂಕೇತ ಸಾಗಾಟವನ್ನು ಕೆಡಿಸುತ್ತವೆ. ಮೀನು ದಿಕ್ಕುತಪ್ಪಿ ಈಜಿ, ಸೆಟೆದುಕೊಂಡು ಸಾಯುತ್ತದೆ. ತಣ್ಣನೆಯ ನೀರಿನಲ್ಲಿ ಇವುಗಳ ವಿಷತ್ವ ಹೆಚ್ಚು.

2. ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್‌ಗಳು: ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್, ಕಾರ್ಬೋಸಲ್ಫಾನ್ ಇತ್ಯಾದಿ. ನರಗಳ ಕಾರ್ಯಕ್ಕೆ ಅಗತ್ಯವಾದ ಅಸಿಟೈಲ್‌ಕೋಲಿನ್ ಎಸ್ಟರೇಸ್ ಎಂಬ ಕಿಣ್ವವನ್ನು ಇವು ತಡೆಯುತ್ತವೆ. ಸ್ನಾಯುಗಳು ಬಿಗಿದುಕೊಂಡು ಉಸಿರಾಟ ನಿಲ್ಲುತ್ತದೆ. ಕೆಲವೊಮ್ಮೆ ಬೆನ್ನುಮೂಳೆ ಬಾಗಿದ ಮೀನುಗಳು ಕಾಣಸಿಗುತ್ತವೆ.

3. ಆರ್ಗನೋಕ್ಲೋರಿನ್‌ಗಳು: ಇವು ಬೇಗನೆ ವಿಭಜನೆಯಾಗದೆ ಕೊಬ್ಬಿನಲ್ಲಿ ಶೇಖರವಾಗುತ್ತವೆ. ಸಣ್ಣ ಜಲಜೀವಿಯಿಂದ ಮೀನಿಗೆ, ಮೀನಿನಿಂದ ಪಕ್ಷಿಗೆ ಮತ್ತು ಮನುಷ್ಯನಿಗೆ ಸಾಗುವಾಗ ಇವುಗಳ ಪ್ರಮಾಣ ಹಂತಹಂತವಾಗಿ ಹೆಚ್ಚುತ್ತದೆ. ಕೃಷಿಯಲ್ಲಿ ಡಿಡಿಟಿ ಬಳಕೆಯನ್ನು 1989ರಲ್ಲಿ ನಿಷೇಧಿಸಲಾಯಿತು. ಎಂಡೋಸಲ್ಫಾನನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧಿಸಿತು. ಹಳೆಯ ದಾಸ್ತಾನು ಯಾರ ಬಳಿಯಾದರೂ ಉಳಿದಿದ್ದರೆ ಬಳಸಬಾರದು, ನೀರಿಗೂ ಸುರಿಯಬಾರದು.

4. ನಿಯೋನಿಕೋಟಿನಾಯ್ಡ್‌ಗಳು: ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಇತ್ಯಾದಿ. ಇವು ಮೀನನ್ನು ನೇರವಾಗಿ ಕೊಲ್ಲಲು ಬಹಳ ಹೆಚ್ಚಿನ ಪ್ರಮಾಣ ಬೇಕು. ಆದರೆ ಮೀನಿನ ಆಹಾರವಾದ ಜಲಕೀಟಗಳು ಅತ್ಯಲ್ಪ ಪ್ರಮಾಣಕ್ಕೂ ನಾಶವಾಗುತ್ತವೆ. ಭತ್ತದ ಗದ್ದೆಗಳಿಂದ ನೀರು ಹರಿದುಬರುವ ಜಪಾನಿನ ಶಿಂಜಿ ಸರೋವರ ಇದಕ್ಕೆ ನಿದರ್ಶನ. ಅಲ್ಲಿ 1993ರಲ್ಲಿ ಇಮಿಡಾಕ್ಲೋಪ್ರಿಡ್ ಬಳಕೆ ಆರಂಭವಾದ ನಂತರ ಪ್ರಾಣಿ ಪ್ಲವಕಗಳು ತೀವ್ರವಾಗಿ ಕುಸಿದವು. ಅವುಗಳನ್ನು ತಿಂದು ಬದುಕುವ ಸ್ಮೆಲ್ಟ್ ಎಂಬ ಸಣ್ಣ ಮೀನಿನ ವಾರ್ಷಿಕ ಇಳುವರಿ ಸುಮಾರು 240 ಟನ್‌ಗಳಿಂದ 22 ಟನ್‌ಗಳಿಗೆ ಇಳಿಯಿತು. ಈ ಎರಡರ ನಡುವಿನ ನಂಟನ್ನು ತೋರಿಸುವ ಅಧ್ಯಯನ 2019ರಲ್ಲಿ ಪ್ರಕಟವಾಗಿದೆ. ಸತ್ತ ಮೀನು ತೇಲಲಿಲ್ಲವೆಂದ ಮಾತ್ರಕ್ಕೆ ಹಾನಿಯಾಗಿಲ್ಲವೆಂದು ತಿಳಿಯಬಾರದು.

5. ಕಳೆನಾಶಕಗಳು: ಭತ್ತದಲ್ಲಿ ಬಳಸುವ ಬ್ಯುಟಾಕ್ಲೋರ್ ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸಿನಲ್ಲಿ ಹಲವು ಮೀನುಗಳಿಗೆ ಮಾರಕ. ಶೇ. 50ರ ದ್ರಾವಣವನ್ನು ಎಕರೆಗೆ 1 ಲೀಟರಿನಂತೆ 5 ಸೆಂ.ಮೀ. ನೀರು ನಿಂತ ಗದ್ದೆಗೆ ಹಾಕಿದಾಗ, ಲೆಕ್ಕದ ಪ್ರಕಾರ ಲೀಟರಿಗೆ ಸುಮಾರು 2.5 ಮಿಲಿಗ್ರಾಂ ಆಗುತ್ತದೆ. ಆ ನೀರನ್ನು ಕೂಡಲೇ ಹೊರಬಿಡುವುದು ಅಪಾಯಕಾರಿ. ಗ್ಲೈಫೋಸೇಟ್ ವಿಷಯದಲ್ಲಿ ಮೂಲ ರಾಸಾಯನಿಕಕ್ಕಿಂತ ಅದರೊಡನೆ ಸೇರಿಸುವ ಕೆಲವು ಅಂಟುದ್ರವಗಳೇ ಮೀನಿಗೆ ಹೆಚ್ಚು ಹಾನಿಕರ. ಇದಲ್ಲದೆ, ಕೆರೆಯ ಜಲಕಳೆಗಳು ಒಮ್ಮೆಲೇ ಸತ್ತು ಕೊಳೆತಾಗ ನೀರಿನ ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ.

6. ತಾಮ್ರಯುಕ್ತ ಶಿಲೀಂಧ್ರನಾಶಕಗಳು: ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮಿಶ್ರಣ ಅನಿವಾರ್ಯ. ಆದರೆ ತಾಮ್ರ ಕಿವಿರುಗಳನ್ನು ಹಾನಿಗೊಳಿಸುತ್ತದೆ ಮತ್ತು ಸುಣ್ಣದ ಅಂಶ ಕಡಿಮೆಯಿರುವ ಮೃದು ನೀರಿನಲ್ಲಿ ಅದರ ವಿಷತ್ವ ಹೆಚ್ಚಾಗುತ್ತದೆ. ಮಲೆನಾಡು ಮತ್ತು ಕರಾವಳಿಯ ಹಳ್ಳಗಳ ನೀರು ಸಾಮಾನ್ಯವಾಗಿ ಮೃದು. ಸುಣ್ಣ ಸೇರಿಸುವ ಮೊದಲಿನ ಮೈಲುತುತ್ತದ ದ್ರಾವಣವು ಮಿಶ್ರಣಕ್ಕಿಂತ ಹೆಚ್ಚು ಅಪಾಯಕಾರಿ. ಅದರ ಪಾತ್ರೆಗಳನ್ನು ಹಳ್ಳದಲ್ಲಿ ತೊಳೆಯಬಾರದು.

ಸಸ್ಯಜನ್ಯವಾದ ಬೇವಿನ ಔಷಧಿಗಳು ಪರಿಸರದಲ್ಲಿ ಬೇಗನೆ ವಿಭಜನೆಯಾಗುತ್ತವೆ. ಆದರೂ ಅವು ಮೀನಿಗೆ ಸಂಪೂರ್ಣ ನಿರಪಾಯಕಾರಿಯಲ್ಲ. ಅವುಗಳ ಉಳಿಕೆಯನ್ನೂ ಹೊಂಡಕ್ಕೆ ಸುರಿಯಬಾರದು.

ಸಾವಿಗೆ ಮುನ್ನ ಕಾಣುವ ಹಾನಿ

ವಿಷದ ಪ್ರಮಾಣ ಮಾರಕ ಮಟ್ಟಕ್ಕಿಂತ ಕಡಿಮೆಯಿದ್ದಾಗ ಮೀನು ಸಾಯದೆ ಸೊರಗುತ್ತದೆ. ಇದರ ಪರಿಣಾಮಗಳು ಇಂತಿವೆ.

- ಕಿವಿರುಗಳು ಊದಿಕೊಂಡು ಅಥವಾ ಲೋಳೆ ಮುಚ್ಚಿಕೊಂಡು ಆಮ್ಲಜನಕ ಹೀರುವ ಶಕ್ತಿ ಕುಂದುತ್ತದೆ.
- ಯಕೃತ್ತು ಮತ್ತು ಮೂತ್ರಪಿಂಡದ ಜೀವಕೋಶಗಳು ಹಾನಿಗೊಳ್ಳುತ್ತವೆ. ಮೀನು ಮೇವು ಬಿಟ್ಟು ಬೆಳವಣಿಗೆ ಕುಂಠಿತವಾಗುತ್ತದೆ.
- ರೋಗ ನಿರೋಧಕ ಶಕ್ತಿ ತಗ್ಗಿ, ಇತರ ವೇಳೆಯಲ್ಲಿ ತಡೆದುಕೊಳ್ಳಬಹುದಾಗಿದ್ದ ಬ್ಯಾಕ್ಟೀರಿಯಾ, ಶಿಲೀಂಧ್ರ ಮತ್ತು ಪರಾವಲಂಬಿಗಳ ಬಾಧೆಗೆ ಮೀನು ಸುಲಭವಾಗಿ ತುತ್ತಾಗುತ್ತದೆ.
- ವಾಸನೆ ಗ್ರಹಿಸುವ ಮತ್ತು ಚುರುಕಾಗಿ ಈಜುವ ಶಕ್ತಿ ಕುಗ್ಗುವುದರಿಂದ ಆಹಾರ ಹುಡುಕುವುದೂ ಶತ್ರುಗಳಿಂದ ತಪ್ಪಿಸಿಕೊಳ್ಳುವುದೂ ಕಷ್ಟವಾಗುತ್ತದೆ.
- ಮೊಟ್ಟೆಗಳ ಸಂಖ್ಯೆ ಮತ್ತು ಮರಿಯಾಗುವ ಪ್ರಮಾಣ ಇಳಿಯುತ್ತದೆ. ವಿಕಾರಗೊಂಡ ಮರಿಗಳು ಹುಟ್ಟುತ್ತವೆ.

ಬಲಿತ ಮೀನಿಗಿಂತ ಮರಿಗಳು ಸಾಮಾನ್ಯವಾಗಿ ಹೆಚ್ಚು ಸೂಕ್ಷ್ಮ. ಮುಂಗಾರಿನ ಮೊದಲ ನೆರೆಯಲ್ಲಿ ನಾಡಮೀನುಗಳು ಮೊಟ್ಟೆಯಿಡಲು ಹಳ್ಳದಿಂದ ಗದ್ದೆಗಳತ್ತ ಏರಿಬರುತ್ತವೆ. ಮಲೆನಾಡಿನಲ್ಲಿ ಇವನ್ನು ಹತ್ತುಮೀನು ಎಂದು ಕರೆಯುವುದುಂಟು. ಗದ್ದೆಗೆ ಕಳೆನಾಶಕ ಮತ್ತು ಕೀಟನಾಶಕ ಬೀಳುವ ಕಾಲವೂ ಇದಕ್ಕೆ ಹತ್ತಿರವಿರುವುದರಿಂದ ಒಂದು ತಪ್ಪು ಸಿಂಪರಣೆ ಒಂದು ಪೀಳಿಗೆಯನ್ನೇ ಅಳಿಸಬಹುದು.

ಪೀಡೆನಾಶಕಗಳು ನೀರು ಸೇರುವ ಮಾರ್ಗಗಳು

- ಸಿಂಪರಣೆಯ ಬೆನ್ನಲ್ಲೇ ಸುರಿದ ಮಳೆಯಿಂದ ಕೊಚ್ಚಿಹೋಗುವುದು.
- ಗಾಳಿಯಲ್ಲಿ ತುಂತುರು ತೇಲಿ ಪಕ್ಕದ ಕೆರೆ, ಕಾಲುವೆಗಳ ಮೇಲೆ ಬೀಳುವುದು.
- ಔಷಧಿ ಹಾಕಿದ ಗದ್ದೆಯ ನೀರನ್ನು ಬಸಿಗಾಲುವೆಗೆ ಬಿಡುವುದು.
- ಸಿಂಪರಣಾ ಯಂತ್ರ, ಬಕೆಟ್ಟು, ಬಟ್ಟೆಗಳನ್ನು ಹರಿಯುವ ನೀರಿನಲ್ಲಿ ತೊಳೆಯುವುದು, ಖಾಲಿ ಡಬ್ಬಿಗಳನ್ನು ಹಳ್ಳಕ್ಕೆ ಎಸೆಯುವುದು.
- ಉಣ್ಣೆ ನಿಯಂತ್ರಣಕ್ಕಾಗಿ ದನಕರುಗಳ ಮೈಗೆ ಪೈರೆಥ್ರಾಯ್ಡ್ ಔಷಧಿ ಹಚ್ಚಿದ ನಂತರ ಅವುಗಳನ್ನು ಕೆರೆಯಲ್ಲಿ ಮೈತೊಳೆಯುವುದು.
- ಮೀನು ಹೇನಿನ ನಿವಾರಣೆಗೆಂದು ಮೀನು ಕೃಷಿಕರೇ ಅಂದಾಜಿನ ಮೇಲೆ ಕೊಳಕ್ಕೆ ಕೀಟನಾಶಕ ಸುರಿಯುವುದು. ಇದಕ್ಕೆ ಹಿಂದೆ ಬಳಸುತ್ತಿದ್ದ ಡೈಕ್ಲೋರ್‌ವಾಸ್ ಈಗ ನಿಷೇಧಿತ. ಮೀನುಗಾರಿಕೆ ತಜ್ಞರ ಶಿಫಾರಸು ಇಲ್ಲದೆ ಯಾವ ಔಷಧಿಯನ್ನೂ ಹಾಕಬಾರದು.
- ಮೀನು ಹಿಡಿಯಲೆಂದೇ ಮಡುಗಳಿಗೆ ಕೀಟನಾಶಕ ಬೆರೆಸುವುದು. ಇದು ಅಪರಾಧ. ಹೀಗೆ ಹಿಡಿದ ಮೀನನ್ನು ತಿನ್ನುವವರ ಪ್ರಾಣಕ್ಕೂ ಅಪಾಯವಿದೆ.

ಮೀನಿನ ಸಾವು: ಕಾರಣ ಗುರುತಿಸುವುದು ಹೇಗೆ?

ಕೆರೆಯಲ್ಲಿ ಮೀನು ಸತ್ತಾಗಲೆಲ್ಲ ಪಕ್ಕದ ಹೊಲದ ಸಿಂಪರಣೆಯೇ ಕಾರಣವೆಂದು ತೀರ್ಮಾನಿಸಬಾರದು. ಆಮ್ಲಜನಕದ ಕೊರತೆಯೂ ಬಹು ಸಾಮಾನ್ಯ ಕಾರಣ. ಕೆಳಗಿನ ಲಕ್ಷಣಗಳು ವ್ಯತ್ಯಾಸ ತಿಳಿಯಲು ನೆರವಾಗುತ್ತವೆ.

ಆಮ್ಲಜನಕದ ಕೊರತೆಯಾಗಿದ್ದರೆ:
- ಸಾವು ಹೆಚ್ಚಾಗಿ ಬೆಳಗಿನ ಜಾವ, ಅಥವಾ ಮೋಡ ಕವಿದ ದಿನಗಳ ನಂತರ ಕಂಡುಬರುತ್ತದೆ.
- ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತವೆ. ದೊಡ್ಡ ಮೀನುಗಳು ಮೊದಲು ಸಾಯುತ್ತವೆ.
- ಗಾಳಿಯನ್ನು ನೇರವಾಗಿ ಉಸಿರಾಡಬಲ್ಲ ಕೊರವ, ಮುರುಗೋಡು ಮುಂತಾದ ಮೀನುಗಳು ಬದುಕುಳಿಯುತ್ತವೆ.

ಪೀಡೆನಾಶಕದ ವಿಷವಾಗಿದ್ದರೆ:
- ಹಗಲು ರಾತ್ರಿ ಎನ್ನದೆ ಯಾವ ಹೊತ್ತಿನಲ್ಲಾದರೂ, ಹೆಚ್ಚಾಗಿ ಸಿಂಪರಣೆ ಅಥವಾ ಮಳೆಯ ಬಳಿಕ ಸಾವು ಸಂಭವಿಸುತ್ತದೆ.
- ಮೀನುಗಳು ಸುತ್ತುತ್ತಾ, ಚಿಮ್ಮುತ್ತಾ, ಮಗ್ಗುಲಾಗಿ ಈಜುತ್ತವೆ. ಅನೇಕ ವೇಳೆ ಸಣ್ಣ ಮೀನುಗಳು ಮೊದಲು ಸಾಯುತ್ತವೆ.
- ಕೊರವ, ಮುರುಗೋಡುಗಳೂ ಸಾಯಬಹುದು. ಸಿಗಡಿ, ಏಡಿ, ಜಲಕೀಟಗಳೂ ಸತ್ತಿರುತ್ತವೆ. ಆದರೆ ಕೀಟನಾಶಕ ಪಾಚಿಯನ್ನು ಸಾಮಾನ್ಯವಾಗಿ ಕೊಲ್ಲದ ಕಾರಣ ನೀರಿನ ಹಸಿರು ಹಾಗೆಯೇ ಇರುತ್ತದೆ.

ಈ ಲಕ್ಷಣಗಳು ಸೂಚನೆಗಳು ಮಾತ್ರ. ಖಚಿತ ಕಾರಣವನ್ನು ಪ್ರಯೋಗಾಲಯದ ಪರೀಕ್ಷೆಯಿಂದಲೇ ತಿಳಿಯಬೇಕು.

ಸಾವು ಕಂಡ ಕೂಡಲೇ ಮಾಡಬೇಕಾದ ಕೆಲಸಗಳು

1. ಕೊಳಕ್ಕೆ ಬರುವ ನೀರನ್ನು ತಕ್ಷಣ ತಡೆಯಿರಿ. ಶುದ್ಧವೆಂದು ಖಚಿತವಿರುವ ಕೊಳವೆಬಾವಿ ನೀರನ್ನು ಸೇರಿಸಿ, ಪಂಪಿನಿಂದ ನೀರು ಚಿಮ್ಮಿಸಿ ಗಾಳಿಯಾಡಿಸಿ. ಕಲುಷಿತ ನೀರನ್ನು ಹಳ್ಳಕ್ಕೆ ಹೊರಬಿಡಬೇಡಿ.
2. ಸುಣ್ಣ, ಪೊಟ್ಯಾಸಿಯಂ ಪರ್ಮಾಂಗನೇಟ್ ಅಥವಾ ಬೇರಾವುದೇ ರಾಸಾಯನಿಕವನ್ನು ಸಲಹೆಯಿಲ್ಲದೆ ಹಾಕಬೇಡಿ. ಮೇವು ನಿಲ್ಲಿಸಿ.
3. ಚೆನ್ನಾಗಿ ತೊಳೆದ ಗಾಜಿನ ಬಾಟಲಿಯಲ್ಲಿ ಒಂದು ಲೀಟರ್ ನೀರನ್ನು ಅಂಚಿನವರೆಗೆ ತುಂಬಿ, ಬಿಸಿಲು ತಾಗದಂತೆ ಮಂಜುಗಡ್ಡೆಯಲ್ಲಿಡಿ. ನೀರು ಒಳಬರುವ ಜಾಗದಿಂದ ಮತ್ತು ಕೊಳದ ನಡುವಿನಿಂದ ಬೇರೆಬೇರೆ ಮಾದರಿ ತೆಗೆಯಿರಿ. ತಡವಾದರೆ ವಿಷದ ಕುರುಹು ಅಳಿಸಿಹೋಗಬಹುದು.
4. ಸಾಯುತ್ತಿರುವ ಕೆಲವು ಮೀನುಗಳನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಮಂಜುಗಡ್ಡೆಯಲ್ಲಿಡಿ. ಕೊಳೆತ ಮೀನು ಪರೀಕ್ಷೆಗೆ ಉಪಯುಕ್ತವಲ್ಲ.
5. ಸಮಯ, ಸತ್ತ ಜಾತಿಗಳು, ಹಿಂದಿನ ದಿನಗಳ ಮಳೆ ಹಾಗೂ ಸುತ್ತಲಿನ ಬೆಳೆಗಳಿಗೆ ಬಳಸಿದ ಔಷಧಿಗಳ ಹೆಸರನ್ನು ಬರೆದಿಡಿ. ಛಾಯಾಚಿತ್ರ ತೆಗೆಯಿರಿ.
6. ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ, ರೈತ ಸಂಪರ್ಕ ಕೇಂದ್ರಕ್ಕೆ ಮತ್ತು ಕೃಷಿ ವಿಜ್ಞಾನ ಕೇಂದ್ರಕ್ಕೆ ತಿಳಿಸಿ.
7. ಸತ್ತ ಮೀನನ್ನು ತಿನ್ನಬಾರದು, ಮಾರಬಾರದು, ಒಣಗಿಸಿಡಬಾರದು, ಕೋಳಿ ಅಥವಾ ಹಂದಿಗಳಿಗೆ ಹಾಕಬಾರದು. ನೀರಿನ ಮೂಲದಿಂದ ದೂರದಲ್ಲಿ ಆಳವಾದ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಬೇಕು. ತಜ್ಞರು ಸೂಚಿಸುವವರೆಗೆ ಉಳಿದ ಮೀನನ್ನೂ ಹಿಡಿದು ಮಾರಬಾರದು.

ಮುನ್ನೆಚ್ಚರಿಕೆ ಕ್ರಮಗಳು

- ಕೀಟಬಾಧೆ ಆರ್ಥಿಕ ನಷ್ಟದ ಮಟ್ಟ ತಲುಪಿದಾಗ ಮಾತ್ರ ಸಿಂಪಡಿಸಿ. ಮೋಹಕ ಬಲೆ, ಪರತಂತ್ರ ಜೀವಿಗಳು, ನಿರೋಧಕ ತಳಿಗಳಂತಹ ಸಮಗ್ರ ಪೀಡೆ ನಿರ್ವಹಣಾ ಕ್ರಮಗಳಿಗೆ ಮೊದಲ ಆದ್ಯತೆ ನೀಡಿ.
- ಡಬ್ಬಿಯೊಡನೆ ಬರುವ ಮಾಹಿತಿ ಪತ್ರದಲ್ಲಿ ಮೀನು ಮತ್ತು ಜಲಚರಗಳ ಬಗೆಗಿನ ಎಚ್ಚರಿಕೆಯನ್ನು ಓದಿ. ಓದಲಾಗದಿದ್ದರೆ ಮಾರಾಟಗಾರರಲ್ಲಿ ಕೇಳಿ ತಿಳಿದುಕೊಳ್ಳಿ. ಕೆರೆಯಂಚಿನ ಜಮೀನಿಗೆ ಪೈರೆಥ್ರಾಯ್ಡ್ ಬದಲು ಅದೇ ಪೀಡೆಗೆ ಶಿಫಾರಸಾದ, ಮೀನಿಗೆ ಕಡಿಮೆ ಅಪಾಯದ ಔಷಧಿಯಿದೆಯೇ ಎಂದು ತಜ್ಞರನ್ನು ವಿಚಾರಿಸಿ.
- ಕೆರೆ, ಹೊಂಡ, ಹಳ್ಳದ ಅಂಚಿನಲ್ಲಿ ಸಿಂಪರಣೆಯಿಲ್ಲದ ಪಟ್ಟಿಯೊಂದನ್ನು ಬಿಟ್ಟು, ಅಲ್ಲಿ ಹುಲ್ಲು ಬೆಳೆಸಿ. ಪಟ್ಟಿ ಅಗಲವಾದಷ್ಟೂ ರಕ್ಷಣೆ ಹೆಚ್ಚು.
- ಗಾಳಿ ಬೀಸುತ್ತಿರುವಾಗ, ಮಳೆಯ ಮುನ್ಸೂಚನೆ ಇರುವಾಗ ಸಿಂಪಡಿಸಬೇಡಿ.
- ಔಷಧಿ ಹಾಕಿದ ಭತ್ತದ ಗದ್ದೆಯ ಮಡೆಯನ್ನು ಭದ್ರವಾಗಿ ಮುಚ್ಚಿ, ಕನಿಷ್ಠ ಒಂದು ವಾರ ನೀರನ್ನು ಹೊರಬಿಡಬೇಡಿ. ಈ ಕ್ರಮ ಫಲ ನೀಡುತ್ತದೆ ಎನ್ನಲು ನಿದರ್ಶನವಿದೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಭತ್ತದ ಪ್ರದೇಶದಲ್ಲಿ ಮೊಲಿನೇಟ್ ಎಂಬ ಕಳೆನಾಶಕದಿಂದಾಗಿ ಬಸಿಗಾಲುವೆಗಳಲ್ಲಿ ಗೆಂಡೆ ಮೀನುಗಳು ಭಾರಿ ಸಂಖ್ಯೆಯಲ್ಲಿ ಸತ್ತವು. ಗದ್ದೆಯಲ್ಲಿ ನೀರು ತಡೆಹಿಡಿಯುವ ಅವಧಿಯನ್ನು ಹಂತಹಂತವಾಗಿ ನಾಲ್ಕು ವಾರಗಳವರೆಗೆ ವಿಸ್ತರಿಸಿದ ಮೇಲೆ ಅಂತಹ ಸಾವುಗಳು ನಿಂತವು.
- ಯಂತ್ರಕ್ಕೆ ನೀರನ್ನು ಬೇರೆ ಬಕೆಟ್ಟಿನಿಂದ ತುಂಬಿಸಿ. ಯಂತ್ರವನ್ನು ಕಾಲುವೆಯಲ್ಲಿ ಮುಳುಗಿಸಬೇಡಿ.
- ಬೇಕಾದಷ್ಟೇ ದ್ರಾವಣ ತಯಾರಿಸಿ. ಖಾಲಿಯಾದ ಡಬ್ಬಿಯನ್ನು ಮೂರು ಬಾರಿ ತೊಳೆದು ಆ ನೀರನ್ನು ಸಿಂಪರಣಾ ದ್ರಾವಣಕ್ಕೇ ಸೇರಿಸಿ, ಡಬ್ಬಿಯನ್ನು ಮರುಬಳಕೆಯಾಗದಂತೆ ತೂತು ಮಾಡಿ. ಯಂತ್ರ ತೊಳೆದ ನೀರನ್ನು ಸಿಂಪಡಿಸಿದ ಬೆಳೆಯ ಮೇಲೆಯೇ ಚಿಮುಕಿಸಿ.
- ಉಣ್ಣೆ ಔಷಧಿ ಹಚ್ಚಿದ ಜಾನುವಾರುಗಳನ್ನು ಕೆರೆಗೆ ಇಳಿಸಬೇಡಿ. ಮನೆಯಂಗಳದಲ್ಲೇ, ನೀರಿನ ಮೂಲದಿಂದ ದೂರದಲ್ಲಿ ಮೈತೊಳೆಯಿರಿ.
- ಮೀನು ಸಾಕುವ ಕೃಷಿ ಹೊಂಡದ ಸುತ್ತ ಏರಿ ನಿರ್ಮಿಸಿ, ಔಷಧಿ ಬಳಸುವ ಹೊಲದ ನೀರು ನೇರವಾಗಿ ಒಳಬರದಂತೆ ತಿರುಗಾಲುವೆ ಮಾಡಿ.

ಕಾನೂನಿನ ನೆಲೆ

1897ರ ಭಾರತೀಯ ಮೀನುಗಾರಿಕೆ ಅಧಿನಿಯಮದ 5ನೇ ಪ್ರಕರಣವು ಮೀನು ಹಿಡಿಯಲು ಅಥವಾ ನಾಶಪಡಿಸಲು ನೀರಿಗೆ ವಿಷ ಬೆರೆಸುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಅಧಿನಿಯಮದ 24ನೇ ಪ್ರಕರಣವು ಹೊಳೆ ಹಾಗೂ ಬಾವಿಗಳಿಗೆ ವಿಷಕಾರಿ ವಸ್ತುಗಳನ್ನು ತಿಳಿದೂ ಸೇರಿಸುವುದನ್ನು ನಿಷೇಧಿಸುತ್ತದೆ. ಪೀಡೆನಾಶಕಗಳ ನೋಂದಣಿ, ಮಾರಾಟ ಮತ್ತು ಬಳಕೆ 1968ರ ಕೀಟನಾಶಕ ಅಧಿನಿಯಮಕ್ಕೆ ಒಳಪಟ್ಟಿವೆ. ಫೋರೇಟ್, ಟ್ರೈಅಜೋಫಾಸ್, ಡೈಕ್ಲೋರ್‌ವಾಸ್ ಸೇರಿದಂತೆ ಆರು ಔಷಧಿಗಳ ಬಳಕೆ 2020ರ ಡಿಸೆಂಬರ್ 31ರಿಂದ ಪೂರ್ಣವಾಗಿ ನಿಷೇಧಿತವಾಗಿದೆ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಔಷಧಿ ಶಿಫಾರಸು ಮಾಡುವಾಗ ಬೆಳೆ, ಪೀಡೆ, ಪ್ರಮಾಣಗಳೊಂದಿಗೆ ಜಮೀನಿನ ಕೆಳಗೆ ಯಾವ ನೀರಿನ ಮೂಲವಿದೆ ಎಂಬುದನ್ನೂ ಕೇಳಿ. ಸಿಂಪರಣೆಯ ಹಂಗಾಮಿಗೆ ಮುನ್ನ ಅಚ್ಚುಕಟ್ಟಿನ ರೈತರನ್ನೂ ಮೀನುಗಾರರ ಸಂಘದವರನ್ನೂ ಒಂದೆಡೆ ಸೇರಿಸಿ, ಬಿತ್ತನೆ ಮರಿ ಬಿಡುವ ದಿನ ಮತ್ತು ಸಿಂಪರಣೆಯ ದಿನಗಳನ್ನು ಪರಸ್ಪರ ತಿಳಿಸುವ ವ್ಯವಸ್ಥೆ ಮಾಡಿ. ಮರಿ ಬಿಡುವ ಮುನ್ನ ಕೆರೆಯ ನೀರಿನಲ್ಲಿ ಕಟ್ಟಿದ ಸಣ್ಣ ಬಲೆಚೀಲದೊಳಗೆ ಹತ್ತಿಪ್ಪತ್ತು ಮರಿಗಳನ್ನು ಒಂದು ದಿನ ಇರಿಸಿ ನೋಡುವುದು ಖರ್ಚಿಲ್ಲದ, ಉಪಯುಕ್ತ ಪರೀಕ್ಷೆ.

ಸಾರಾಂಶ

ತ್ರಿಕೋನದ ಬಣ್ಣ ನೋಡಿ ಔಷಧಿಯನ್ನು ಮೀನಿಗೆ ಸುರಕ್ಷಿತವೆಂದು ನಂಬಬೇಡಿ. ಯಂತ್ರವನ್ನು ಹರಿಯುವ ನೀರಿನಲ್ಲಿ ತೊಳೆಯಬೇಡಿ. ಔಷಧಿ ಹಾಕಿದ ಗದ್ದೆಯ ನೀರನ್ನು ಕೂಡಲೇ ಹೊರಬಿಡಬೇಡಿ. ಈ ಮೂರು ನಿಯಮಗಳನ್ನು ಪಾಲಿಸಲು ಹೆಚ್ಚುವರಿ ವೆಚ್ಚವಿಲ್ಲ. ಹೆಚ್ಚಿನ ಮಾಹಿತಿಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು, ಅಥವಾ ಕಿಸಾನ್ ಕಾಲ್ ಸೆಂಟರಿನ ಉಚಿತ ದೂರವಾಣಿ ಸಂಖ್ಯೆ 1800-180-1551 ಅನ್ನು ಸಂಪರ್ಕಿಸಬಹುದು.